ಅಂಜಿಕೆ, ಆಸೆ, ಅವಸರ: ಫೋನಿನಲ್ಲಿ ಬರುವ ಕಳ್ಳನ ಮೂರು ಕೀಲಿಗಳು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಇಂಡಿಯ ನಿವೃತ್ತ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ)

 

ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ವಚನಗಳ ನಿರ್ವಚನ ನಡೆಯುತ್ತದೆ. ಅದಕ್ಕೆ ಬೇಕಾದ ಓದು ನನ್ನಲ್ಲಿಲ್ಲ. ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದವಳು. ಏನು ಮಾತಾಡಲಿ ಬುದ್ಧೀ ಎಂದು ಕೇಳಿದಾಗ ಪೂಜ್ಯರು, "ನಿಮಗ ಆದದ್ದನ್ನ ಹೇಳ್ರಿ ತಾಯಿ, ಮುಚ್ಚಿಡದೆ ಹೇಳ್ರಿ, ಅಷ್ಟ ಸಾಕು" ಎಂದರು. ಹಾಗಾಗಿ ಇಂದು ನನ್ನ ಒಂದು ಸೋಲಿನ ಕತೆ ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಶ್ರಾವಣ ಹತ್ತಿರ ಬಂದಿತ್ತು. ಫೋನಿನಲ್ಲಿ ನೋಡಿ ಒಂದು ಮಿಕ್ಸರ್ ತರಿಸಿದ್ದೆ, ಬೆಲೆ 3,150 ರೂಪಾಯಿ. ಡಬ್ಬಿ ಬಿಚ್ಚಿದರೆ ಜಾರಿನ ಮುಚ್ಚಳ ಒಡೆದಿತ್ತು. ವಾಪಸ್ ಕಳಿಸೋಣವೆಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದೆ. ಮೊದಲಿಗೆ ಸಿಕ್ಕ ನಂಬರಿಗೆ ಫೋನ್ ಹಚ್ಚಿದೆ. ಇದನ್ನು ನೆನಪಿಡಿ. ಕಳ್ಳ ನನಗೆ ಫೋನ್ ಮಾಡಲಿಲ್ಲ. ನಾನೇ ಕಳ್ಳನಿಗೆ ಫೋನ್ ಮಾಡಿದೆ.

ಆ ಕಡೆಯವನ ಮಾತು ಬೆಲ್ಲದಂತಿತ್ತು. "ಅಮ್ಮಾ, ತಪ್ಪು ನಮ್ಮದು, ದುಡ್ಡು ಈಗಲೇ ವಾಪಸ್ ಹಾಕ್ತೀವಿ" ಎಂದ. ಒಂದು ಆ್ಯಪ್ ಹಾಕಿಸಿದ. ಅದರಿಂದ ನನ್ನ ಫೋನಿನ ಪರದೆ ಅವನಿಗೂ ಕಾಣುತ್ತದೆಂಬುದು ನನಗೆ ಗೊತ್ತಿರಲಿಲ್ಲ. "ಮೊದಲು ಬ್ಯಾಲೆನ್ಸ್ ನೋಡಿಕೊಳ್ಳಿ, ದುಡ್ಡು ಬಂದ ಮೇಲೆ ಹೋಲಿಸಿ ನೋಡಬಹುದು" ಎಂದ. ನೋಡಿದೆ. ಖಾತೆಯಲ್ಲಿ 49,112 ರೂಪಾಯಿ ಇತ್ತು. ನಾನು ನೋಡಿದ್ದನ್ನು ಅವನೂ ನೋಡಿದ. ಆಮೇಲೆ, "ಇದು ನಿಮ್ಮ ರಿಫಂಡ್ ಕೋಡ್ ಅಮ್ಮಾ, ಎರಡು, ಐದು, ಸೊನ್ನೆ, ಸೊನ್ನೆ, ಸೊನ್ನೆ ಅಂತ ಒತ್ತಿ, ಪಿನ್ ಹಾಕಿ" ಎಂದ. ಒತ್ತಿದೆ. "ಅಯ್ಯೋ, ಫೇಲ್ ಆಯ್ತು, ಇನ್ನೊಂದು ಕೋಡ್ ಕೊಡ್ತೀನಿ" ಎಂದು ಎರಡು, ಮೂರು, ಐದು, ಸೊನ್ನೆ, ಸೊನ್ನೆ ಎಂದ. ಅದನ್ನೂ ಒತ್ತಿದೆ, ಪಿನ್ ಹಾಕಿದೆ.

ಮೂವತ್ತೊಂದು ವರ್ಷ ಮಕ್ಕಳಿಗೆ ಸ್ಥಾನಬೆಲೆ ಕಲಿಸಿದ ನಾನು ಇಪ್ಪತ್ತೈದು ಸಾವಿರವನ್ನು ಇಪ್ಪತ್ತೈದು ಸಾವಿರವೆಂದು ಓದಲಿಲ್ಲ, ಕೋಡ್ ಎಂದು ಓದಿದೆ. ಖಾತೆಯಲ್ಲಿ 612 ರೂಪಾಯಿ ಉಳಿಯಿತು.

ಹೋದ 48,500 ರೂಪಾಯಿಯಲ್ಲಿ 18,500 ನನ್ನದಲ್ಲ. ಅದು ನಮ್ಮ ಅಕ್ಕನ ಬಳಗದ ತಾಯಂದಿರು ಶ್ರಾವಣದ ದಾಸೋಹಕ್ಕೆಂದು ನೂರು, ಇನ್ನೂರು ಕೂಡಿಸಿ ನನ್ನ ಕೈಗೆ ಕೊಟ್ಟ ರೊಕ್ಕ. ರೊಟ್ಟಿ ಬಡಿದು ಮಾರಿದವರ ರೊಕ್ಕ, ಕಳೆ ತೆಗೆಯಲು ಹೋದವರ ರೊಕ್ಕ.

ಆಗ ನಾನು ಏನು ಮಾಡಬೇಕಿತ್ತು? ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕಿತ್ತು. ಬ್ಯಾಂಕಿಗೆ ಓಡಬೇಕಿತ್ತು. ಅದನ್ನು ಬಿಟ್ಟು ಬಾಗಿಲು ಹಾಕಿಕೊಂಡು ಕುಳಿತೆ. ಮಗನಿಗೆ ಹೇಳಲಿಲ್ಲ, ಮನೆಯವರಿಗೂ ಹೇಳಲಿಲ್ಲ. ಓದಿದಾಕೆ, ಕಲಿಸಿದಾಕೆ, ಊರವರು ಅರ್ಜಿ ಬರೆಸಿಕೊಳ್ಳಲು ಹುಡುಕಿಕೊಂಡು ಬರುವಾಕೆ. ಇಂಥವಳು ಮೋಸ ಹೋದಳೆಂದರೆ ಜನ ಏನೆಂದಾರು ಎಂಬ ನಾಚಿಕೆ. ನಾಲ್ಕನೆಯ ದಿನ ಪಾಟಲಿ ಒತ್ತೆ ಇಟ್ಟು ದಾಸೋಹದ ರೊಕ್ಕ ಹೊಂದಿಸಿದೆ. ಯಾರಿಗೂ ತಿಳಿಯದಂತೆ ಮುಗಿಯಿತು ಎಂದುಕೊಂಡೆ.

ಆರನೆಯ ದಿನ ಅಕ್ಕನ ಬಳಗ ಸೇರಿತು. ಒಬ್ಬ ತಂಗಿ ನನ್ನ ಹತ್ತಿರ ಬಂದು, "ಅಕ್ಕಾರ, ಕುಕ್ಕರ್ ತರಿಸೀನಿ, ಮುಚ್ಚಳ ಕೂಡವಲ್ದು. ಗೂಗಲ್‌ದಾಗ ಕಂಪನಿ ನಂಬರ್ ಸಿಕ್ಕದ. ನೀವು ಸಾಲಿ ಕಲಿಸಿದವರು, ಒಂದೀಟು ಫೋನ್ ಹಚ್ಚಿ ಮಾತಾಡಿ ಕೊಡ್ರಿ" ಎಂದಳು. ಫೋನ್ ನನ್ನ ಕೈಯಲ್ಲೇ ಇತ್ತು. ನಾನು ಸುಮ್ಮನಿದ್ದರೆ ಈಕೆ ಬೀಳುತ್ತಾಳೆ. ಹೇಳಿದರೆ ನನ್ನ ಮಾನ ಹೋಗುತ್ತದೆ. ಒಂದು ಗಳಿಗೆ ಹಾಗೆಯೇ ನಿಂತೆ. ಆಮೇಲೆ ಎಲ್ಲರೆದುರು ಎಲ್ಲವನ್ನೂ ಹೇಳಿಬಿಟ್ಟೆ.

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬಾಕೆ, "ನನಗೂ ಆಗ್ಯದ ಅಕ್ಕಾರ. ಗೃಹಲಕ್ಷ್ಮಿ ರೊಕ್ಕ ಬರ್ತದಂತ ಲಿಂಕ್ ಒತ್ತಿದೆ, ನಾಕ ಸಾವಿರ ಹೋತು. ಮನ್ಯಾಗ ಇನ್ನೂ ಹೇಳಿಲ್ಲ" ಎಂದಳು. ಇನ್ನೊಬ್ಬರು ತಮ್ಮ ಮಾವನವರ ಕತೆ ಹೇಳಿದರು. ಇಪ್ಪತ್ತು ಜನ ಕುಳಿತ ಕೋಣೆಯಲ್ಲಿ ನಾವು ನಾಲ್ವರು ಮೋಸ ಹೋದವರಿದ್ದೆವು, ನಾಲ್ವರೂ ತಾನೊಬ್ಬಳೇ ಎಂದುಕೊಂಡಿದ್ದೆವು. ಕಳ್ಳನಿಗೆ ಬೇಕಾದದ್ದು ಇದೇ. ನಮ್ಮ ರೊಕ್ಕ ಅವನಿಗೆ ಒಂದು ಸಲದ ಲಾಭ. ನಮ್ಮ ಮೌನದಿಂದ ಅವನಿಗೆ ನಿತ್ಯವೂ ಲಾಭ.

ಅಂದೇ 1930ಕ್ಕೆ ಫೋನ್ ಮಾಡಿದೆ. ಆರು ದಿನ ಕಳೆದಿದ್ದರಿಂದ ರೊಕ್ಕ ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು. ಒಂದು ಖಾತೆಯಲ್ಲಿ ಉಳಿದಿದ್ದ 3,100 ರೂಪಾಯಿ ಮಾತ್ರ ತಡೆಹಿಡಿಯಲು ಸಾಧ್ಯವಾಯಿತು. ಮೊದಲ ಗಂಟೆಯಲ್ಲೇ ಹೇಳಿದ್ದರೆ ಹೆಚ್ಚು ಉಳಿಯುವ ಸಾಧ್ಯತೆ ಇತ್ತು ಎಂದು ಠಾಣೆಯಲ್ಲಿ ಹೇಳಿದರು.

ಶರಣ ಬಂಧುಗಳೇ, ಆಮೇಲೆ ನಾನು ಈ ಮೋಸಗಳನ್ನು ಮಕ್ಕಳ ಪಾಠದಂತೆ ಕುಳಿತು ಓದಿದೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ತಾಯಂದಿರನ್ನು ಕೇಳಿದೆ. ವೇಷ ನೂರು, ಕೀಲಿಗಳು ಮೂರೇ. ಅಂಜಿಕೆ, ಆಸೆ, ಅವಸರ.

ಮೊದಲನೆಯದು ಅಂಜಿಕೆ. "ಕೆವೈಸಿ ಮುಗಿದಿದೆ, ಸಂಜೆ ಖಾತೆ ಬಂದ್ ಆಗುತ್ತದೆ." "ಬಿಲ್ ಬಾಕಿ ಇದೆ, ರಾತ್ರಿ ಒಂಬತ್ತೂವರೆಗೆ ಕರೆಂಟ್ ತೆಗೆಯುತ್ತೇವೆ." "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ." ಇದರಲ್ಲಿ ಎಲ್ಲಕ್ಕಿಂತ ದೊಡ್ಡ ವೇಷವೇ ಡಿಜಿಟಲ್ ಅರೆಸ್ಟ್. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ತಮ್ಮ ಮನ್ ಕಿ ಬಾತ್ ಕಾರ್ಯಕ್ರಮದಲ್ಲಿ ಇಂಥ ಒಂದು ಕರೆಯ ಸಂಭಾಷಣೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಆ ಕರೆ ಬಂದದ್ದು ನಮ್ಮ ವಿಜಯಪುರದವರೊಬ್ಬರಿಗೆ. ಪೊಲೀಸ್ ವೇಷದವನು ವಿಡಿಯೋ ಕರೆಯಲ್ಲಿ ಹೆದರಿಸುತ್ತಿದ್ದ, ಇವರು ಹೆದರದೆ ಅದನ್ನು ರೆಕಾರ್ಡ್ ಮಾಡಿಕೊಂಡರು. ಆ ದಿನ ಪ್ರಧಾನಿಯವರು ಹೇಳಿದ್ದು ಮೂರೇ ಮಾತು: ತಡೆಯಿರಿ, ಯೋಚಿಸಿ, ಕ್ರಮ ಕೈಗೊಳ್ಳಿ. ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಫೋನಿನಲ್ಲಿ ಬಂಧಿಸುವುದು ಎಂಬುದಿಲ್ಲ. ಯಾವ ಪೊಲೀಸರೂ, ಯಾವ ನ್ಯಾಯಾಲಯವೂ ವಿಡಿಯೋ ಕರೆ ಮಾಡಿ ರೊಕ್ಕ ಕೇಳುವುದಿಲ್ಲ.

ಎರಡನೆಯದು ಆಸೆ. ಆಸೆ ಎಂದರೆ ಲಾಟರಿ, ಕಾರು, ಬಂಗಾರ ಎಂದಷ್ಟೇ ತಿಳಿಯಬೇಡಿ. ನನ್ನದೇ 3,150 ರೂಪಾಯಿ ವಾಪಸ್ ಬರಲಿ ಎಂಬುದೂ ಆಸೆಯೇ, ಅದು ನ್ಯಾಯವಾದ ಆಸೆ. ಗೃಹಲಕ್ಷ್ಮಿಯ 2,000, ಪಿಎಂ ಕಿಸಾನ್‌ನ ಕಂತು, ತೊಗರಿಯ ಬೆಳೆವಿಮೆ, ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಹೋದವರ ಪರಿಹಾರ, ಇವೆಲ್ಲ ನಮಗೆ ಬರಬೇಕಾದ ರೊಕ್ಕವೇ. ಬರಬೇಕಾದದ್ದು ತಡವಾದಾಗ ಕಳ್ಳ ಅದೇ ಹೆಸರು ಹಿಡಿದು ಬರುತ್ತಾನೆ. ವಾಟ್ಸ್‌ಆ್ಯಪ್‌ನಲ್ಲಿ ಸರ್ಕಾರದ ಯೋಜನೆಯ ಹೆಸರಿನ ಒಂದು ಫೈಲ್ ಬರುತ್ತದೆ, ಕೊನೆಗೆ ಎಪಿಕೆ ಎಂದಿರುತ್ತದೆ. ಅದು ಅರ್ಜಿಯಲ್ಲ, ಅದು ಆ್ಯಪ್. ಒತ್ತಿ ಹಾಕಿಕೊಂಡರೆ ನಿಮಗೆ ಬರುವ ಓಟಿಪಿ ಸಂದೇಶಗಳನ್ನು ದೂರ ಕುಳಿತವನು ಓದಬಲ್ಲ. ಪರಿಚಿತರ ನಂಬರಿನಿಂದಲೇ ಬಂದರೂ ಒತ್ತಬೇಡಿ, ಅವರ ಫೋನೂ ಮೊದಲೇ ಕಳ್ಳನ ಕೈಗೆ ಹೋಗಿರಬಹುದು.

ಮೂರನೆಯದು ಅವಸರ. ಇದು ಸಂತೆಯ ಕೀಲಿ. ಎರಡೂ ಕೈಯಲ್ಲಿ ಚೀಲ, ಬಸ್ಸಿಗೆ ಹೊತ್ತಾಗಿದೆ, ಆಗ ಫೋನ್ ಬರುತ್ತದೆ. "ಅಕ್ಕಾ, ನಿಮಗೆ 500 ಹಾಕುವ ಬದಲು 5,000 ಹಾಕಿಬಿಟ್ಟೆ, ಆಸ್ಪತ್ರೆಯಲ್ಲಿದ್ದೀನಿ, ಬೇಗ ವಾಪಸ್ ಹಾಕಿ." ಫೋನ್ ನೋಡಿದರೆ 5,000 ಜಮಾ ಆಗಿದೆ ಎಂಬ ಸಂದೇಶವೂ ಇರುತ್ತದೆ. ಆ ಸಂದೇಶವನ್ನು ಬ್ಯಾಂಕ್ ಕಳಿಸಿದ್ದಲ್ಲ, ಅವನೇ ಬರೆದು ಕಳಿಸಿದ್ದು. ಸಂದೇಶ ನಂಬಬೇಡಿ, ಖಾತೆ ತೆರೆದು ನೋಡಿ. ನಿಜವಾಗಿಯೂ ತಪ್ಪಿ ಬಂದಿದ್ದರೆ, "ನಿಮ್ಮ ಬ್ಯಾಂಕಿಗೆ ಹೇಳ್ರಿ, ಬ್ಯಾಂಕಿನವರೇ ತಿರುಗಿಸಿ ಕೊಡ್ತಾರ" ಎಂದು ಹೇಳಿ ಫೋನ್ ಇಡಿ. ಅಂಗಡಿ ನಡೆಸುವ ಬಂಧುಗಳಿಗೂ ಇದೇ ಮಾತು. ಗಿರಾಕಿ ತೋರಿಸುವ ಪರದೆ ಸಾಕ್ಷಿಯಲ್ಲ, ನಿಮ್ಮ ಖಾತೆಗೆ ಬಂದದ್ದೇ ಸಾಕ್ಷಿ. ಇಂಡಿಯಲ್ಲಿ ಲಿಂಬೆ ಮಾರುವವರು ಕಾಯಿ ಎಣಿಸಿಯೇ ಕೊಡುತ್ತಾರೆ, ರೊಕ್ಕವನ್ನೂ ಹಾಗೆಯೇ ನೋಡಿಯೇ ಒಪ್ಪಿಕೊಳ್ಳಬೇಕು.

ಈಗ ಮನೆಗೆ ಕೊಂಡೊಯ್ಯಲು ಐದು ಮಾತು ಹೇಳುತ್ತೇನೆ.

ಒಂದು. ಯುಪಿಐ ಬಂದದ್ದು 2016ರಲ್ಲಿ. ಇಷ್ಟು ವರ್ಷವಾದರೂ ನಮ್ಮಲ್ಲಿ ಬಹಳ ಜನಕ್ಕೆ ಒಂದು ವಿಷಯ ಮನಸ್ಸಿಗೆ ಇಳಿದಿಲ್ಲ. ರೊಕ್ಕ ನಮ್ಮ ಖಾತೆಗೆ ಬರಲು ಪಿನ್ ಬೇಕಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಬೇಕಾಗುವುದು ರೊಕ್ಕ ಕಳಿಸಲು ಮತ್ತು ಬ್ಯಾಲೆನ್ಸ್ ನೋಡಲು. ರೊಕ್ಕ ಕೊಡುತ್ತೇನೆ ಎನ್ನುವವನು ಪಿನ್ ಒತ್ತಿಸುತ್ತಾನೆಂದರೆ ಅವನು ಕೊಡುವವನಲ್ಲ, ಒಯ್ಯುವವನು.

ಎರಡು. ಬ್ಯಾಂಕಿನಿಂದ ಎಂದು ಯಾರೇ ಫೋನ್ ಮಾಡಿದರೂ ಫೋನ್ ಇಡಿ. ಒರಟಾಗಿ ಮಾತಾಡಬೇಕಿಲ್ಲ, "ನಾ ಬ್ಯಾಂಕಿಗೇ ಬಂದು ಕೇಳ್ತೀನ್ರಿ" ಎಂದರೆ ಸಾಕು. ಬಳಿಕ ಎಟಿಎಂ ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಖಾತೆಯ ವ್ಯವಹಾರಕ್ಕಾಗಿ ಗ್ರಾಹಕರಿಗೆ ಕರೆ ಮಾಡಲು 1600ರಿಂದ ಶುರುವಾಗುವ ನಂಬರನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಸಾಮಾನ್ಯ ಹತ್ತಂಕಿಯ ಮೊಬೈಲ್‌ನಿಂದ "ನಾನು ಮ್ಯಾನೇಜರ್" ಎಂದು ಕರೆ ಬಂದರೆ ಅಲ್ಲೇ ಸಂಶಯ ಪಡಿ. ಆದರೆ ನಂಬರ್ ಯಾವುದೇ ಇರಲಿ, ಓಟಿಪಿ, ಪಿನ್, ಕಾರ್ಡಿನ ಹಿಂದಿನ ಮೂರು ಅಂಕಿ ಕೇಳಿದರೆ ಅವನು ಬ್ಯಾಂಕಿನವನಲ್ಲ. ಹಾಗೆಯೇ ಬ್ಯಾಂಕುಗಳ ಜಾಲತಾಣದ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯಬೇಕೆಂದೂ ರಿಸರ್ವ್ ಬ್ಯಾಂಕ್ ಹೇಳಿದೆ. ಮನೆಯ ಮಕ್ಕಳಿಗೆ ತೋರಿಸಿ, ಅವರು ಗುರುತಿಸುತ್ತಾರೆ.

ಮೂರು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಸಾಮಾನು ಯಾವ ಆ್ಯಪ್‌ನಲ್ಲಿ ಕೊಂಡಿರೋ ಅದೇ ಆ್ಯಪ್‌ನ ಒಳಗೆ ಹೋಗಿ ದೂರು ಕೊಡಿ. ಇಲ್ಲವೆ ಡಬ್ಬಿಯ ಮೇಲೆ, ವಾರಂಟಿ ಕಾರ್ಡಿನ ಮೇಲೆ ಅಚ್ಚಾದ ನಂಬರ್ ನೋಡಿ. ಫೋನಿನಲ್ಲಿ ಮಾತಾಡುವವನು ಹೇಳಿದನೆಂದು ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ. ಸ್ಟಾರ್ ಒತ್ತಿ, ಇಂಥ ನಂಬರ್ ಒತ್ತಿ ಎಂದರೆ ಅದನ್ನೂ ಒತ್ತಬೇಡಿ. ಅದರಿಂದ ನಿಮಗೆ ಬರುವ ಕರೆ ಅವನ ಫೋನಿಗೆ ತಿರುಗಬಹುದು.

ನಾಲ್ಕು. ಸಂತೆಗೆ ಹೋಗುವಾಗ ತಿಜೋರಿ ಹೊತ್ತುಕೊಂಡು ಹೋಗುತ್ತೇವೆಯೇ? ಸೆರಗಿನ ಗಂಟಿನಲ್ಲಿ ಬೇಕಾದಷ್ಟೇ ಕಟ್ಟಿಕೊಳ್ಳುತ್ತಿದ್ದರು ನಮ್ಮ ಅವ್ವಂದಿರು. ಫೋನಿಗೂ ಹಾಗೆಯೇ ಮಾಡಿ. ಯುಪಿಐಗೆಂದು ಬೇರೆ ಸಣ್ಣ ಖಾತೆ ಇರಲಿ, ಅದರಲ್ಲಿ ಎರಡು ಮೂರು ಸಾವಿರ ಮಾತ್ರ ಇರಲಿ. ಪಿಂಚಣಿ, ಪೀಕಿನ ರೊಕ್ಕ, ಪರಿಹಾರದ ರೊಕ್ಕ ಇರುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ. ಸಂಘದ ರೊಕ್ಕವನ್ನಂತೂ ಒಬ್ಬರ ಸ್ವಂತ ಖಾತೆಯಲ್ಲಿ ಇಡಲೇಬೇಡಿ. ಸಂಘದ ಹೆಸರಿನಲ್ಲಿ ಖಾತೆ ತೆರೆಯಿರಿ, ಇಬ್ಬರ ಸಹಿ ಇರಲಿ. ದಾಸೋಹದ ರೊಕ್ಕವನ್ನು ನನ್ನ ಖಾತೆಗೆ ಹಾಕಿಕೊಂಡದ್ದು ಕಳ್ಳನ ತಪ್ಪಲ್ಲ, ನನ್ನ ತಪ್ಪು.

ಐದು. ಹೋಯಿತು ಎಂದು ತಿಳಿದ ಕ್ಷಣ 1930. ಇದು ಕೇಂದ್ರ ಗೃಹ ಸಚಿವಾಲಯ ನಡೆಸುವ ಸೈಬರ್ ವಂಚನೆಯ ಸಹಾಯವಾಣಿ. ನಿಮ್ಮ ರೊಕ್ಕ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸುದ್ದಿ ಮುಟ್ಟಿಸಿ, ಅಲ್ಲಿ ಉಳಿದದ್ದನ್ನು ತಡೆಹಿಡಿಯುವುದು ಅದರ ಕೆಲಸ. ಜೊತೆಗೇ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ವಿಜಯಪುರದಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ. ರೊಕ್ಕ ಹೋದ ವೇಳೆ, ವ್ಯವಹಾರದ ಸಂಖ್ಯೆ, ಕಳ್ಳನ ಫೋನ್ ನಂಬರ್ ಇಟ್ಟುಕೊಳ್ಳಿ. ಸಿಟ್ಟಿಗೆ ಸಂದೇಶ ಅಳಿಸಬೇಡಿ, ಅದೇ ಸಾಕ್ಷಿ.

ಈ ಅವಸರ ಯಾಕೆಂದರೆ, 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ರೊಕ್ಕ ಹೋಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ನಷ್ಟ ನಿಮ್ಮದು. ನನ್ನಂತೆ ತಾನೇ ಪಿನ್, ಓಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹಾಗಾದರೆ ಒಂದೊಂದು ನಿಮಿಷದ ನಾಚಿಕೆಗೂ ಬೆಲೆ ಇದೆ. ದೂರು ಕೊಟ್ಟು ಮೂವತ್ತು ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448 ನಂಬರ್ ಇದೆ.

ಇನ್ನೊಂದು ಮಾತು ಹೇಳದೆ ಕುಳಿತುಕೊಳ್ಳಲಾರೆ. ಇದು ನನಗೆ ನನ್ನ ನಷ್ಟಕ್ಕಿಂತ ಹೆಚ್ಚು ನೋವು ಕೊಟ್ಟ ವಿಷಯ.

2025ರ ಮೇ ತಿಂಗಳಲ್ಲಿ ನಮ್ಮ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕಿಲೋ ಬಂಗಾರ ಕಳುವಾದ ಸುದ್ದಿ ಎಲ್ಲರಿಗೂ ಗೊತ್ತು. ಅಲ್ಲಿ ಕಳ್ಳರು ಬ್ಯಾಂಕಿನ ಒಳಗೇ ಬರಬೇಕಾಯಿತು. ಫೋನಿನ ಕಳ್ಳ ಎಲ್ಲಿಗೂ ಬರುವುದಿಲ್ಲ. ಅವನಿಗೆ ಬೇಕಾದದ್ದು ಕದ್ದ ರೊಕ್ಕ ಇಳಿಸಿಕೊಳ್ಳಲು ಒಂದು ಖಾತೆ. ಅವನು ತನ್ನ ಖಾತೆ ಬಳಸುವುದಿಲ್ಲ, ಬಡವರ ಮಕ್ಕಳ ಖಾತೆ ಬಾಡಿಗೆಗೆ ಹಿಡಿಯುತ್ತಾನೆ. "ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಐದು ಸಾವಿರ ತಗೋ" ಎನ್ನುತ್ತಾನೆ. ನನ್ನ ಹತ್ತಿರ ಮಗ್ಗಿ ಕಲಿತ ಒಬ್ಬ ಹುಡುಗ ಹೀಗೆ ಖಾತೆ ಕೊಟ್ಟ. ಒಂದು ದಿನ ಬೇರೆ ರಾಜ್ಯದ ಪೊಲೀಸರ ನೋಟಿಸ್ ಬಂತು. ಅವನ ಅವ್ವ ನೋಟಿಸ್ ಹಿಡಿದು ನನ್ನ ಮನೆಗೆ ಬಂದು, "ಅಕ್ಕಾರ, ನನ್ನ ಮಗ ಕಳುವು ಮಾಡಿಲ್ರಿ, ಬರೇ ಖಾತೆ ಕೊಟ್ಟಾನ" ಎಂದು ಅತ್ತಳು. ಅವಳಿಗೆ ನಾನು ಏನು ಹೇಳಲಿ? ಆ ಖಾತೆಗೆ ಬಂದ ರೊಕ್ಕ ಯಾರೋ ನನ್ನಂಥವಳ ದಾಸೋಹದ ರೊಕ್ಕ. ಒಬ್ಬ ತಾಯಿಯ ಕಣ್ಣೀರಿಗೆ ಇನ್ನೊಬ್ಬ ತಾಯಿಯ ಮಗ ಬಾಗಿಲು ತೆರೆದಿಟ್ಟಿದ್ದ.

ನಾವು ಕಾಯಕ, ಕಾಯಕ ಎನ್ನುತ್ತೇವೆ. ಮೈ ಬೆವರದೆ, ಬುದ್ಧಿ ದುಡಿಯದೆ, ಖಾತೆ ಕೊಟ್ಟದ್ದಕ್ಕೇ ಬರುವ ರೊಕ್ಕ ಕಾಯಕದ ರೊಕ್ಕವಲ್ಲ ಎಂದು ಮಕ್ಕಳಿಗೆ ಮನೆಯಲ್ಲಿ ಕೂಡಿಸಿಕೊಂಡು ಹೇಳಬೇಕು. ಅದು ಅಪರಾಧವೂ ಹೌದು, ಜೈಲಿಗೆ ಹೋಗುವ ದಾರಿಯೂ ಹೌದು ಎಂದು ಹೇಳಬೇಕು. ಕೆಲಸವಿಲ್ಲದೆ ಕುಳಿತ ಹುಡುಗನಿಗೆ ಬುದ್ಧಿ ಹೇಳುವುದಷ್ಟೇ ಸಾಲದು, ಅವನಿಗೊಂದು ಕೆಲಸ ಹುಡುಕಿಕೊಡುವುದೂ ನಮ್ಮ ಮೇಲಿದೆ.

ಕೊನೆಗೆ ಪೂಜ್ಯರಲ್ಲಿ, ತಮ್ಮೆಲ್ಲರಲ್ಲಿ ನನ್ನ ಮೂರು ಬಿನ್ನಹ. ಪ್ರತಿ ತಿಂಗಳ ಗೋಷ್ಠಿಯಲ್ಲಿ ಹತ್ತು ನಿಮಿಷ ಇದಕ್ಕಾಗಿ ಬಿಡಬೇಕು. ಯಾರಿಗೆ ಯಾವ ಹೊಸ ಕರೆ ಬಂತು ಎಂದು ಎದ್ದು ನಿಂತು ಹೇಳಲಿ. ಎರಡನೆಯದು, ದಾಸೋಹದ ಮನೆಯ ಗೋಡೆಯ ಮೇಲೆ, ನಿಮ್ಮ ಅಡುಗೆ ಮನೆಯ ಗೋಡೆಯ ಮೇಲೆ 1930 ಎಂದು ದೊಡ್ಡದಾಗಿ ಬರೆಯಿರಿ, ಕಣ್ಣು ಮಂದವಾದ ಮುತ್ಯಾನಿಗೂ ಕಾಣುವ ಹಾಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮನೆಯಲ್ಲಿ ಯಾರಾದರೂ ಮೋಸ ಹೋದರೆ ಬೈಯಬೇಡಿ. "ನಿನಗ ಬುದ್ಧಿ ಇಲ್ಲೇನು" ಎಂದು ಒಂದು ಸಲ ಅಂದರೆ ಸಾಕು, ಮುಂದಿನ ಸಲ ಅವರು ಹೇಳುವುದೇ ಇಲ್ಲ. ಮೊದಲು ಫೋನ್ ತೆಗೆದುಕೊಂಡು 1930 ಒತ್ತಿ. ಮಾತು ಆಮೇಲೆ ಇರಲಿ.

ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ, ಹೆಣ್ಣುಮಕ್ಕಳೂ ತಮ್ಮ ತಮ್ಮ ಅನುಭವವನ್ನು ಎಲ್ಲರೆದುರು ಇಟ್ಟರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಗೆದ್ದದ್ದನ್ನಷ್ಟೇ ಹೇಳುವುದು ಅನುಭವವಲ್ಲ, ಬಿದ್ದದ್ದನ್ನೂ ಹೇಳಬೇಕು. ಬಿದ್ದ ಜಾಗಕ್ಕೊಂದು ಕಲ್ಲು ನೆಟ್ಟರೆ ಹಿಂದೆ ಬರುವವರು ಎಡವುವುದಿಲ್ಲ. ಪಾಟಲಿಯನ್ನು ಹೋದ ಯುಗಾದಿಗೆ ಬಿಡಿಸಿಕೊಂಡೆ. ಆ ತಂಗಿಯ ಕುಕ್ಕರಿನ ಮುಚ್ಚಳವನ್ನು ಆ್ಯಪ್‌ನಲ್ಲೇ ದೂರು ಕೊಟ್ಟು ಬದಲಿಸಿ ಕೊಟ್ಟರು. ಆಕೆಯ ಖಾತೆಯಿಂದ ಒಂದು ಪೈಸೆಯೂ ಹೋಗಲಿಲ್ಲ. ನನ್ನ 48,500ರ ಪಾಠದಿಂದ ಉಳಿದ ಮೊದಲ ಗಳಿಕೆ ಅದು.